ಮಾರ್ಸೆಲ್ ಬಾಪ್ಪು ಈಜಿ ಬಂದ ದೂರ

1996ರ ನವೆಂಬರ್ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ, ದೋಹಾದ ಅಲ್ ಹಿಲಾಲ್ ಬಡಾವಣೆಯ ಒಂದು ಮನೆಯಲ್ಲಿ, ಸುಮಾರು ನಲವತ್ತು ಜನರ ಎದುರಿಗೆ, ಕೈಯಲ್ಲಿ ದ್ರಾಕ್ಷಿ ರಸದ ಗ್ಲಾಸು ಹಿಡಿದುಕೊಂಡು, ಆ ಮನೆಯ ಯಜಮಾನರು ಕತಾರಿಗೆ ಈಜಿಕೊಂಡು ಬಂದಿಲ್ಲ ಎಂಬುದನ್ನು ನಾನು ದಾಖಲೆ ಸಮೇತ ಸಾಬೀತುಪಡಿಸಿದೆ. ಆ ದಿನ ಯಜಮಾನರ ಮದುವೆಯ ಇಪ್ಪತ್ತೈದನೆಯ ವಾರ್ಷಿಕೋತ್ಸವ. ಆ ಮನೆಯ ಹುಡುಗಿಯನ್ನು ಮದುವೆಯಾಗಲು ನಾನು ಅವರ ಒಪ್ಪಿಗೆಗಾಗಿ ಕಾಯುತ್ತಿದ್ದೆ. ಈ ಮೂರು ಸಂಗತಿಗಳನ್ನು ಒಟ್ಟಿಗೆ ಓದಿದ ಯಾರಿಗಾದರೂ ನನ್ನ ಬುದ್ಧಿಯ ಮಟ್ಟ ಗೊತ್ತಾಗುತ್ತದೆ. ನನಗೆ ಗೊತ್ತಾದದ್ದು ಗ್ಲಾಸು ಕೆಳಗಿಟ್ಟ ಮೇಲೆ.

ತಪ್ಪು ನನ್ನದಲ್ಲ, ನನ್ನ ಉದ್ಯೋಗದ್ದು ಎಂದು ಬಹಳ ದಿನ ವಾದಿಸಿದ್ದೇನೆ. ನಾನು ಅಲ್ಲಿನ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಉಪಸಂಪಾದಕ. ಉಪಸಂಪಾದಕ ಎಂದರೆ ಬೇರೆಯವರು ಬರೆದದ್ದನ್ನು ನಂಬದೆ ಇರುವುದಕ್ಕಾಗಿ ಸಂಬಳ ಪಡೆಯುವವನು. ಆ ಕುರ್ಚಿಯಲ್ಲಿ ಹತ್ತು ವರ್ಷ ಕೂತವನಿಗೆ ಕಚೇರಿಯ ಬಾಗಿಲು ದಾಟಿದ ಮೇಲೂ ಆ ಚಟ ಬಿಡುವುದಿಲ್ಲ. ಗದಗದಲ್ಲಿ ನಮ್ಮ ತಂಗಿಯ ಹೊಸ ಮನೆಯ ಗೃಹಪ್ರವೇಶ ಆದಾಗ ನನ್ನ ತಾಯಿ ಕಾಗದ ಬರೆಸಿದ್ದರು: ‘ಇಡೀ ಊರೇ ಬಂದಿತ್ತು.’ ನಾನು ಮರುಟಪಾಲಿಗೆ ಉತ್ತರ ಬರೆದೆ: ‘ಸಂತೋಷ. ಅಂದಾಜು ಎಷ್ಟು ಜನ?’ ಆಮೇಲೆ ಎರಡು ತಿಂಗಳು ಆ ಕಡೆಯಿಂದ ಕಾಗದ ಬರಲಿಲ್ಲ. ನಮ್ಮ ಸುದ್ದಿ ಸಂಪಾದಕರು ಕೊಲಂಬೊ ಕಡೆಯ ಹಿರಿಯರು. ಅವರಿಗೆ ಇದನ್ನು ಹೇಳಿದಾಗ, ‘ಪ್ರಶ್ನೆ ಸರಿಯಾಗಿದೆ, ಕೇಳಿದ ಜಾಗ ಸರಿಯಿಲ್ಲ’ ಎಂದರು. ನಾನು ಆ ಮಾತನ್ನು ಬರೆದಿಟ್ಟುಕೊಂಡೆ, ಪಾಲಿಸಲಿಲ್ಲ.

ಗ್ರೆಟ್ಟಾ ಪರಿಚಯವಾದದ್ದೂ ಒಂದು ತಪ್ಪಿನಿಂದಲೇ. ಅವಳು ಒಂದು ವ್ಯಾಪಾರಿ ಸಂಸ್ಥೆಯಲ್ಲಿ ಸೆಕ್ರೆಟರಿ. ಅವಳ ಯಜಮಾನರು ಹೊಸ ಅಂಗಡಿ ತೆರೆದ ಫೋಟೋ ನಮ್ಮ ಪತ್ರಿಕೆಯಲ್ಲಿ ಬಂದಿತ್ತು. ಅಡಿಬರಹದಲ್ಲಿ ಎಡಗಡೆ ಇದ್ದವರ ಹೆಸರು ಬಲಕ್ಕೂ ಬಲಗಡೆಯವರದು ಎಡಕ್ಕೂ ಹೋಗಿ, ಅಂಗಡಿಯ ಯಜಮಾನರು ಅತಿಥಿಯಾಗಿ, ಅತಿಥಿಗಳು ಯಜಮಾನರಾಗಿ ಅಚ್ಚಾದರು. ಗ್ರೆಟ್ಟಾ ಫೋನ್ ಮಾಡಿದಳು. ನಾನು ಕ್ಷಮೆ ಕೇಳಿ, ತಿದ್ದುಪಡಿ ಹಾಕುವುದಾಗಿ ಹೇಳಿದೆ. ತಿದ್ದುಪಡಿಯಲ್ಲಿ ಯಾರೋ ಪುಣ್ಯಾತ್ಮರು ಫೋಟೋವನ್ನೇ ತಿರುವಿ ಹಾಕಿದರು. ಹೆಸರುಗಳು ಸರಿಯಾದವು, ಮನುಷ್ಯರು ಅದಲುಬದಲಾದರು. ಮೂರನೆಯ ಸಲ ಅವಳೇ ನಮ್ಮ ಕಚೇರಿಗೆ ಬಂದಳು. ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಬಾಣದ ಗುರುತು ಹಾಕಿ, ಇವರು ಯಜಮಾನರು, ಇವರು ಅತಿಥಿ, ಇದು ಬಾಗಿಲು ಎಂದು ಬರೆದು ತಂದಿದ್ದಳು. ಬಾಗಿಲನ್ನೂ ಬಿಟ್ಟಿರಲಿಲ್ಲ. ಅಷ್ಟು ಸ್ಪಷ್ಟವಾಗಿ ಬರೆಯುವವರನ್ನು ನಾನು ನಮ್ಮ ವರದಿಗಾರರಲ್ಲೇ ನೋಡಿರಲಿಲ್ಲ. ನಾನು ಇಂಗ್ಲಿಷಿನಲ್ಲಿ ಎರಡು ವಾಕ್ಯ ಮಾತಾಡುವಷ್ಟರಲ್ಲಿ ಅವಳು, “ನೀವು ಕನ್ನಡದವರಾ?” ಎಂದಳು. ಹೇಗೆ ತಿಳಿಯಿತು ಎಂದು ಕೇಳಿದೆ. “ಸಾರಿ ಹೇಳುವಾಗ ತಲೆ ತಗ್ಗಿಸಿ ಹೇಳ್ತೀರಲ್ಲ, ಬೇರೆಯವರು ಗೋಡೆ ನೋಡಿ ಹೇಳ್ತಾರೆ” ಎಂದಳು. ಈ ತೀರ್ಮಾನಕ್ಕೆ ಆಧಾರವೇನು ಎಂದು ಕೇಳಬೇಕೆನಿಸಿತು. ಜೀವನದಲ್ಲಿ ಮೊದಲ ಬಾರಿಗೆ ಕೇಳಲಿಲ್ಲ. ಆಮೇಲೆ ಒಂದು ವರ್ಷ ನಾವು ವಾರಕ್ಕೊಂದು ಸಂಜೆ ಕಡಲದಂಡೆಯ ರಸ್ತೆಯಾದ ಕಾರ್ನಿಷ್‌ನ ಉದ್ದಕ್ಕೂ, ನಡುವೆ ಎರಡಡಿ ಅಂತರ ಬಿಟ್ಟು, ಕಚೇರಿಯ ವಿಷಯ ಮಾತಾಡುವವರಂತೆ ಮುಖ ಮಾಡಿಕೊಂಡು ನಡೆದೆವು.

ಗ್ರೆಟ್ಟಾಳ ಊರು ಶಿರ್ವ. ತಂದೆತಾಯಿ ಅಲ್ಲೇ ಇದ್ದರು. ದೋಹಾದಲ್ಲಿ ಅವಳು ತಂದೆಯ ತಮ್ಮನಾದ ಮಾರ್ಸೆಲ್ ಅವರ ಮನೆಯಲ್ಲಿದ್ದಳು. ಚಿಕ್ಕಪ್ಪನಿಗೆ ಅವರ ಕೊಂಕಣಿಯಲ್ಲಿ ಬಾಪ್ಪು, ಚಿಕ್ಕಮ್ಮನಿಗೆ ಮಾವ್ಶಿ. ನಮ್ಮ ವಿಷಯವನ್ನು ಅವಳು ತಂದೆಗೆ ಬರೆದಾಗ ಅವರು ಒಂದೇ ಸಾಲಿನ ಉತ್ತರ ಕಳಿಸಿದರು: ‘ಹುಡುಗನನ್ನು ನಾನು ನೋಡಿಲ್ಲ, ಮಾರ್ಸೆಲ್ ನೋಡಲಿ, ಅವನು ಹೂಂ ಎಂದು ಬರೆದರೆ ನನ್ನದೂ ಹೂಂ.’ ಹೀಗೆ ನನ್ನ ಭವಿಷ್ಯವೆಲ್ಲ ಮಾರ್ಸೆಲ್ ಬಾಪ್ಪು ಊರಿಗೆ ಬರೆಯುವ ಒಂದು ಕಾಗದದ ಮೇಲೆ ನಿಂತಿತು. ಗದಗದಲ್ಲಿ ನನ್ನ ತಂದೆಯ ವಿಚಾರಣೆ ಇದಕ್ಕಿಂತ ಚಿಕ್ಕದು. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, “ರೊಟ್ಟಿ ತಿಂತಾಳೇನು?” ಎಂದರು. ತಿನ್ನುತ್ತಾಳೆ ಎಂದೆ. “ಹಂಗಾದ್ರ ಆ ಕಡಿಯವರನ್ನ ಕೇಳು” ಎಂದು ಫೋನಿಟ್ಟರು.

ಆ ಕಡೆಯವರನ್ನು ಕೇಳುವುದೆಂದರೆ ಶುಕ್ರವಾರ ಅವರ ಮನೆಗೆ ಊಟಕ್ಕೆ ಹೋಗುವುದು. ಊರಿನ ಭಾನುವಾರವನ್ನು ಆ ಮನೆಯವರು ಇಡಿಯಾಗಿ ಶುಕ್ರವಾರಕ್ಕೆ ಎಳೆದು ತಂದಿದ್ದರು. ಬೆಳಿಗ್ಗೆ ಬಲಿಪೂಜೆ, ಪೂಜೆಯಿಂದ ನೇರವಾಗಿ ಬಾಪ್ಪುವಿನ ಮನೆ, ಆಮೇಲೆ ಊಟ, ಹೌಸಿ ಎಂಬ ಸಂಖ್ಯೆ ಚೀಟಿಯ ಆಟ, ಮತ್ತೆ ಚಹಾ. ಊರಿನ ನಾಲ್ಕು ಮನೆಗಳಷ್ಟು ಜನ ಒಂದೇ ಹಾಲಿನಲ್ಲಿ ಸೇರಿ, ಎಲ್ಲರೂ ಏಕಕಾಲಕ್ಕೆ ಮಾತಾಡುತ್ತಿದ್ದರು, ಆಶ್ಚರ್ಯವೆಂದರೆ ಏಕಕಾಲಕ್ಕೆ ಕೇಳಿಸಿಕೊಳ್ಳುತ್ತಲೂ ಇದ್ದರು. ಮುಐದರ್‌ನ ಹಂಚಿಕೊಂಡ ಕೋಣೆಯಲ್ಲಿ ರೇಡಿಯೋ ಜೊತೆ ಊಟ ಮಾಡುವ ನನಗೆ ಅದು ನಾಲ್ಕು ಸುದ್ದಿಸಂಸ್ಥೆಗಳ ತಂತಿ ಒಂದೇ ಯಂತ್ರದಲ್ಲಿ ಬಂದಂತೆ ಕಂಡಿತು. ಮೊದಲನೆಯ ಶುಕ್ರವಾರ ಬಾಪ್ಪು ನನ್ನನ್ನು ಎದುರಿಗೆ ಕೂರಿಸಿಕೊಂಡರು. ತೆಳ್ಳಗಿನ, ನೆಟ್ಟಗಿನ, ಮೀಸೆ ಕತ್ತರಿಸಿದ ಮನುಷ್ಯ.

“ಗದಗದಲ್ಲಿ ಎಂತ ಉಂಟು?” ಎಂದರು.

“ಪ್ರಿಂಟಿಂಗ್ ಪ್ರೆಸ್ ಅವ, ಅಂಕಲ್.”

“ಸಮುದ್ರ?”

“ಇಲ್ರಿ.”

“ಹೊಳೆ?”

“ಸ್ವಲ್ಪ ದೂರ ಐತ್ರಿ.”

“ಮೀನು ತಿನ್ಲಿಕ್ಕಿಲ್ಲ ಅಲ್ವಾ ನೀವು?”

“ಇಲ್ರಿ.”

ಬಾಪ್ಪು ಅಡುಗೆಮನೆಯ ಕಡೆ ತಿರುಗಿ, “ಸೆವ್ರಿನ್, ಇವರಿಗೆ ಎಂತ ಕೊಡುವುದು ಮಾರಾಯ್ತಿ, ಪಾಪ” ಎಂದರು. ಆ ‘ಪಾಪ’ದಲ್ಲಿ ತಿರಸ್ಕಾರ ಇರಲಿಲ್ಲ, ಹುಟ್ಟಿನಿಂದ ಒಂದು ಕಿವಿ ಕೇಳದವರ ಬಗ್ಗೆ ಜನ ಹೇಳುವಂಥ ಪಾಪ ಅದು. ಸೆವ್ರಿನ್ ಮಾವ್ಶಿ ನನಗೆ ಸಾನ್ನಾಂ ಕೊಟ್ಟರು. ಅದು ನಮ್ಮ ಇಡ್ಲಿಯ ಶ್ರೀಮಂತ ಸಂಬಂಧಿ. ಏಳು ತಿಂದೆ. ಅವರು ಎಣಿಸಿದ್ದರು ಎಂಬುದು ಮುಂದಿನ ವಾರ ತಿಳಿಯಿತು. ನನಗೆಂದೇ ಬೇರೆ ತಟ್ಟೆಯಲ್ಲಿ ಸರಿಯಾಗಿ ಏಳು ಇದ್ದವು. ಅಲ್ಲಿಗೆ ಆ ಮನೆಯಲ್ಲಿ ಲೆಕ್ಕ ಸರಿಯಿರುವ ಒಬ್ಬರಾದರೂ ಇದ್ದಾರೆ ಎಂದುಕೊಂಡೆ. ಊಟದ ನಂತರ ಹೌಸಿ. ಮಾವ್ಶಿಯ ತಮ್ಮ ವಿಲ್ಲಿ ಸಂಖ್ಯೆ ಕೂಗುವವನು. ಅವನು ದೊಡ್ಡ ಹೊಟ್ಟೆಯ, ದೊಡ್ಡ ದನಿಯ ಮನುಷ್ಯ, ಆ ಮನೆಯ ಎಲ್ಲ ಸಮಾರಂಭಗಳಿಗೂ ಮೈಕು. ನನ್ನ ಚೀಟಿಯ ಎಲ್ಲ ಸಂಖ್ಯೆಗಳೂ ಬಂದಿದ್ದವು. ನಾನು ಎರಡು ಸಲ ಪರಿಶೀಲಿಸಿ ಮೂರನೆಯ ಸಲ ನೋಡುತ್ತಿರುವಾಗ ಮುಂದಿನ ಸಂಖ್ಯೆಗೆ ಬೇರೊಬ್ಬರು ‘ಹೌಸ್’ ಎಂದು ಕೂಗಿ, ಬಹುಮಾನದ ಸ್ಟೀಲಿನ ಡಬ್ಬಿ ತೆಗೆದುಕೊಂಡು ಹೋದರು. “ಕೂಗುವುದು ಮೊದಲು, ನೋಡುವುದು ಆಮೇಲೆ” ಎಂದು ವಿಲ್ಲಿ ನನಗೆ ಬುದ್ಧಿ ಹೇಳಿದ.

ಈಜಿನ ಕಥೆಯನ್ನು ನಾನು ಮೊದಲು ಕೇಳಿದ್ದು ಆ ದಿನ ಚಹಾದ ಹೊತ್ತಿಗೆ. 1969ರಲ್ಲಿ ಬಾಪ್ಪು ಬೊಂಬಾಯಿಯಿಂದ ಮರದ ಲಾಂಚಿನಲ್ಲಿ ಕಳ್ಳತನದಲ್ಲಿ ಹೊರಟರು. ದಡ ಕಾಣುತ್ತಿದ್ದಂತೆ ಲಾಂಚಿನವನು ಎಲ್ಲರನ್ನೂ ನೀರಿಗೆ ಇಳಿಯಲು ಹೇಳಿದ. ಬಾಪ್ಪು ತಮ್ಮ ಟೈಪಿಂಗ್ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಲೆಗೆ ಕಟ್ಟಿಕೊಂಡು ಅರ್ಧ ಮೈಲಿ ಈಜಿ ಕತಾರಿನ ಮರಳಿನ ಮೇಲೆ ಕಾಲಿಟ್ಟರು. ಮಕ್ಕಳು ಈ ಕಥೆಯನ್ನು ಬಾಯಿಪಾಠ ಕಲಿತಿದ್ದರು. ಬಾಪ್ಪು ಒಂದು ಕಡೆ ನಿಲ್ಲಿಸಿದರೆ ಒಂದು ಮಗು, “ದೆನ್ ಯು ಟೈಡ್ ದ ಸರ್ಟಿಫಿಕೇಟ್” ಎಂದು ಮುಂದುವರಿಸುತ್ತಿತ್ತು. ಎರಡನೆಯ ಶುಕ್ರವಾರ ದೂರ ಮುಕ್ಕಾಲು ಮೈಲಿಯಾಯಿತು. ನಾಲ್ಕನೆಯ ಶುಕ್ರವಾರ ಒಂದು ಮೈಲಿ, ಜೊತೆಗೆ ಒಂದು ಶಾರ್ಕ್ ಮೀನು. ನಾನು ಇದನ್ನೆಲ್ಲ ದಿನಾಂಕದ ಎದುರಿಗೆ ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ದುರುದ್ದೇಶದಿಂದಲ್ಲ. ಕೆಲವರು ಫೋನಿನಲ್ಲಿ ಮಾತಾಡುವಾಗ ಹೂವಿನ ಚಿತ್ರ ಬಿಡಿಸುತ್ತಾರಲ್ಲ, ಹಾಗೆ.

ವಾರ್ಷಿಕೋತ್ಸವದ ದಿನ ನಿಗದಿಯಾದಾಗ ಟೋಸ್ಟ್ ಹೇಳುವವರು ಯಾರು ಎಂಬ ಪ್ರಶ್ನೆ ಬಂತು. ಅವರಲ್ಲಿ ಅದು ಸಣ್ಣ ವಿಷಯವಲ್ಲ. ಕೇಕ್ ಕತ್ತರಿಸಿದ ಮೇಲೆ ಒಬ್ಬರು ಗ್ಲಾಸು ಹಿಡಿದು ನಿಂತು, ದಂಪತಿಯ ಗುಣಗಾನ ಮಾಡಿ, ಎಲ್ಲರನ್ನೂ ನಗಿಸಿ, ಒಬ್ಬರನ್ನಾದರೂ ಅಳಿಸಿ, ಕೊನೆಗೆ ಎಲ್ಲರಿಂದಲೂ ‘ವೀವಾ’ ಕೂಗಿಸಬೇಕು. ಟೋಸ್ಟ್ ಕೆಟ್ಟರೆ ಸಾರು ಕೆಟ್ಟದ್ದಕ್ಕಿಂತ ಹೆಚ್ಚು ದಿನ ಮಾತಾಗುತ್ತದೆ. ಯಾವತ್ತೂ ವಿಲ್ಲಿಯೇ ಹೇಳುತ್ತಿದ್ದ. ಈ ಸಲ ಬಾಪ್ಪು, “ಪೇಪರಿನವರು ಹೇಳ್ಲಿ. ಬರೀಲಿಕ್ಕೆ ಕಲ್ತವರು, ಮಾತಾಡ್ಲಿಕ್ಕೂ ಬರ್ತದಾ ನೋಡುವ” ಎಂದರು. ಇದು ಪರೀಕ್ಷೆ ಎಂದು ಗ್ರೆಟ್ಟಾ ಕಾರ್ನಿಷ್‌ನಲ್ಲಿ ಮೂರು ಸಲ ಹೇಳಿದಳು. “ಶಿವಾ, ಇದು ಚೆನ್ನಾಗಿ ಆದರೆ ಬಾಪ್ಪು ಮಾರನೇ ದಿನವೇ ಅಪ್ಪನಿಗೆ ಕಾಗದ ಬರೀತಾರೆ. ಮಾವ್ಶಿ ಅಡುಗೆ ಬಗ್ಗೆ ಹೇಳು, ಬಾಪ್ಪು ಕಷ್ಟಪಟ್ಟದ್ದು ಹೇಳು. ಈಜಿದ್ದು ಖಂಡಿತ ಬರಬೇಕು, ಅದಿಲ್ಲದ ಟೋಸ್ಟ್ ಈ ಮನೆಯಲ್ಲಿ ಇಲ್ಲ.” ನಾನು ಆಗಲಿ ಎಂದೆ.

ಒಂದು ಸಂಗತಿಯನ್ನು ನಲವತ್ತು ಜನರ ಮುಂದೆ ಹೇಳುವ ಮೊದಲು ಅದನ್ನು ಖಚಿತಪಡಿಸಿಕೊಳ್ಳಬೇಕಲ್ಲ. ಬಾಪ್ಪು ಕಚೇರಿಗೆ ಹೋಗಿದ್ದ ಒಂದು ಮಧ್ಯಾಹ್ನ ನಾನು ಮಾವ್ಶಿಗೆ ಫೋನ್ ಮಾಡಿ, ಆ ಕಾಲದ ದಾಖಲೆ ಏನಾದರೂ ಇದೆಯೇ ಎಂದು ಕೇಳಿದೆ.  “ಬನ್ನಿ, ಕೊಡ್ತೇನೆ” ಎಂದರು ತಕ್ಷಣ. ನಾನು ಹೋದಾಗ ಒಂದು ಬಿಸ್ಕತ್ತಿನ ಡಬ್ಬಿ ಮೇಜಿನ ಮೇಲೆ ಸಿದ್ಧವಾಗಿತ್ತು. ಅದರಲ್ಲಿ ಬಾಪ್ಪುವಿನ ಹಳೆಯ ಪಾಸ್‌ಪೋರ್ಟು, ಅದರೊಳಗೆ ಕ್ರಮಬದ್ಧವಾದ ವೀಸಾ. ಬೊಂಬಾಯಿಯಿಂದ ಹೊರಟ ಪ್ರಯಾಣಿಕರ ಹಡಗಿನ ಟಿಕೇಟಿನ ಅರ್ಧಭಾಗ. ಹಡಗಿನ ಮೇಲೆ ಟೈ ಕಟ್ಟಿಕೊಂಡು ನಿಂತ ಬಾಪ್ಪುವಿನ ಫೋಟೋ. ಪ್ಯಾಂಟು ಇಸ್ತ್ರಿಯದು, ಪೂರ್ತಿ ಒಣಗಿದ್ದು. “ಮತ್ತೆ ಅವರಿಗೆ ಈಜ್ಲಿಕ್ಕೆ ಬರುವುದಿಲ್ಲ” ಎಂದು ಮಾವ್ಶಿ ಸೇರಿಸಿದರು. “ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದವರೇ ಅಲ್ಲ. ಬರೆದುಕೊಳ್ಳಿ.” ನಾನು ಬರೆದುಕೊಂಡೆ.

ಇಲ್ಲಿ ನಿಲ್ಲಿಸಿ ಸುದ್ದಿಮನೆಯ ಮೊದಲ ಪಾಠವನ್ನು ನೆನಪಿಸಿಕೊಳ್ಳಬಹುದಿತ್ತು: ದಾಖಲೆ ಕೊಡುವವರು ಏಕೆ ಕೊಡುತ್ತಿದ್ದಾರೆ ಎಂದು ಕೇಳಬೇಕು. ನನಗೆ ಆಗ ಕೇಳಲು ಪುರುಸೊತ್ತಿರಲಿಲ್ಲ. ನನ್ನ ತರ್ಕ ಹೀಗಿತ್ತು. ಸುಳ್ಳಿನಿಂದ ಹೊಗಳಿದರೆ ಅದು ಅವಮಾನ. ಓದಿ, ಅರ್ಜಿ ಹಾಕಿ, ವೀಸಾ ಪಡೆದು, ಟೈ ಕಟ್ಟಿ ಬಂದವನು ಈಜಿ ಬಂದವನಿಗಿಂತ ಯಾವುದರಲ್ಲೂ ಕಡಿಮೆಯಲ್ಲ. ಈ ಸತ್ಯವನ್ನು ಕೇಳಿ ಬಾಪ್ಪು ಭಾವುಕರಾಗುತ್ತಾರೆ. ಟೋಸ್ಟಿನಲ್ಲಿ ಒಬ್ಬರನ್ನು ಅಳಿಸಬೇಕು ಎಂದಿದ್ದರಲ್ಲ, ಆ ಬಾಬತ್ತೂ ಇದರಲ್ಲೇ ಮುಗಿಯುತ್ತದೆ.

ಟೋಸ್ಟ್ ಚೆನ್ನಾಗಿಯೇ ಶುರುವಾಯಿತು. ಸಾನ್ನಾಂ ಬಗ್ಗೆ ಹೇಳಿದಾಗ ನಕ್ಕರು. ಗ್ರೆಟ್ಟಾ ಕಲಿಸಿಕೊಟ್ಟ ಒಂದು ಕೊಂಕಣಿ ವಾಕ್ಯ ಹೇಳಿದಾಗ ಚಪ್ಪಾಳೆ ತಟ್ಟಿದರು. “ಇನ್ನು ಬಾಪ್ಪು ಅವರು ಕತಾರಿಗೆ ಬಂದ ವಿಷಯ” ಎಂದಾಗ ಮಕ್ಕಳೆಲ್ಲ ಮುಂದೆ ಬಂದು ನೆಲದ ಮೇಲೆ ಕುಳಿತವು. ಆಗ ನಾನು ಹೇಳಿದೆ. ಪಾಸ್‌ಪೋರ್ಟಿನ ಮುದ್ರೆ ಹೇಳಿದೆ, ಹಡಗಿನ ಟಿಕೇಟು ಹೇಳಿದೆ, ಫೋಟೋವನ್ನು ಜೇಬಿನಿಂದ ತೆಗೆದು ತೋರಿಸಿದೆ. ಕಳೆದ ಕೆಲವು ಶುಕ್ರವಾರಗಳಲ್ಲಿ ದೂರ ಅರ್ಧ ಮೈಲಿಯಿಂದ ಒಂದು ಮೈಲಿಗೆ ಏರಿರುವುದನ್ನೂ ಗಮನಕ್ಕೆ ತಂದೆ. “ಹೀಗೆ, ಒಂದು ಹನಿ ನೀರೂ ಸೋಕದಂತೆ, ಅತ್ಯಂತ ಗೌರವಯುತವಾಗಿ ಬಂದಿಳಿದ ಬಾಪ್ಪು ಅವರಿಗೆ” ಎಂದು ಗ್ಲಾಸು ಎತ್ತಿದೆ.

ನಲವತ್ತು ಜನರಲ್ಲಿ ಗ್ಲಾಸು ಎತ್ತಿದವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬರು ಸೆವ್ರಿನ್ ಮಾವ್ಶಿ. ಅವರು ರೇಷ್ಮೆ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನಗು ತಡೆಯಲಾಗದೆ, “ಇಪ್ಪತ್ತೈದು ವರ್ಷ ಹೇಳಿದೆ ನಾನು. ಯಾರಾದರೂ ಕೇಳಿದ್ರಾ? ನನಗೆ ಹೊಟ್ಟೆಕಿಚ್ಚು ಅಂದ್ರಿ. ಈಗ ಪೇಪರಿನವರೇ ಹೇಳಿದ್ರಲ್ಲ” ಎಂದರು. ಆ ಬಿಸ್ಕತ್ತಿನ ಡಬ್ಬಿ ಏಕೆ ಅಷ್ಟು ಬೇಗ ಮೇಜಿನ ಮೇಲೆ ಬಂದಿತ್ತು ಎಂಬುದು ನನಗೆ ಆಗ ಹೊಳೆಯಿತು.  ಬಾಪ್ಪು ಗ್ಲಾಸನ್ನು ಕೇಕಿನ ಪಕ್ಕದಲ್ಲಿಟ್ಟು, ಎದ್ದು ಒಳಗೆ ಹೋದರು. ಒಂದು ಮಗು, “ಸೋ ನೋ ಶಾರ್ಕ್?” ಎಂದು ಕೇಳಿ ಅಳಲು ಶುರುಮಾಡಿತು. ಒಬ್ಬರನ್ನಾದರೂ ಅಳಿಸಬೇಕೆಂಬ ನಿಯಮ ಹೀಗೆ ಪೂರೈಸಿತು. ವಿಲ್ಲಿ ನನ್ನ ಹೆಗಲ ಮೇಲೆ ಕೈ ಹಾಕಿ ಬಾಗಿಲವರೆಗೆ ಕರೆದುಕೊಂಡು ಬಂದ. “ಖಲಾಸ್ ಮಾರಾಯ್ರೆ” ಎಂದ ಮೆಲ್ಲಗೆ. “ಇನ್ನು ಊಟ ಮಾಫಿ, ಗ್ರೆಟ್ಟಾ ಮಾಫಿ.” ಅಲ್ಲಿನ ಅರಬಿಯಲ್ಲಿ ‘ಮಾಫಿ’ ಎಂದರೆ ‘ಇಲ್ಲ’.

ಮುಂದಿನ ಎರಡು ಶುಕ್ರವಾರ ನಾನು ಮುಐದರ್‌ನಲ್ಲಿ ರೇಡಿಯೋ ಜೊತೆ ಊಟ ಮಾಡಿದೆ. ಗ್ರೆಟ್ಟಾ ಫೋನಿನಲ್ಲಿ ವರದಿ ಕೊಡುತ್ತಿದ್ದಳು. ಬಾಪ್ಪು ಕಥೆ ಹೇಳುವುದನ್ನು ಬಿಟ್ಟಿದ್ದಾರೆ. ಚಹಾದ ಹೊತ್ತಿಗೆ ಎಲ್ಲರೂ ಸುಮ್ಮನೆ ಚಹಾ ಕುಡಿಯುತ್ತಾರೆ. ಮಾವ್ಶಿಗೂ ಈಗ ಖುಷಿ ಇಲ್ಲ. ಗೆದ್ದ ಮೇಲೆ ಜಗಳವಾಡಲು ಏನೂ ಉಳಿದಿಲ್ಲ. “ಬಾಪ್ಪು ಅಪ್ಪನಿಗೆ ಎರಡು ಕಾಗದ ಬರೆದಿದ್ದಾರೆ” ಎಂದಳು. “ಒಂದರಲ್ಲಿ ಹೂಂ, ಒಂದರಲ್ಲಿ ಬೇಡ. ಎರಡನ್ನೂ ಲಕೋಟೆಗೆ ಹಾಕಿ ಯೇಸುವಿನ ಪಟದ ಹಿಂದೆ ಇಟ್ಟಿದ್ದಾರೆ. ಯಾವುದು ಟಪಾಲಿಗೆ ಹೋಗುವುದು ಅಂತ ನಿನ್ನ ಮೇಲೆ ಉಂಟಂತೆ.”

ಮರುದಿನ ಬಾಪ್ಪು ನನ್ನ ಕಚೇರಿಗೇ ಫೋನ್ ಮಾಡಿದರು. ಕ್ಷೇಮ ಸಮಾಚಾರ ಇಲ್ಲ.

“ನಿಮ್ಮ ಪೇಪರಿನಲ್ಲಿ ತಪ್ಪು ಬಂದರೆ ಎಂತ ಮಾಡ್ತೀರಿ?”

“ತಿದ್ದುಪಡಿ ಹಾಕ್ತೇವಿ, ಅಂಕಲ್.”

“ಎಲ್ಲಿ?”

“ಎರಡನೇ ಪುಟ, ಕೆಳಗ.”

“ನನ್ನದು ಮೊದಲ ಪುಟದಲ್ಲಿ ಬರಬೇಕು. ಈ ಶುಕ್ರವಾರ, ಅಷ್ಟೇ ಜನ ಇರ್ತಾರೆ. ಅವತ್ತು ನಿಂತಲ್ಲೇ ನಿಂತು ಓದಬೇಕು.” ಫೋನಿಟ್ಟರು.

ಗ್ರೆಟ್ಟಾಳಿಗೆ ಇದು ಸುಲಭವಾಗಿ ಕಂಡಿತು. “ಈಜಿದರು ಅಂತ ಹೇಳಿ ಬಿಡು. ಒಂದು ಸುಳ್ಳು. ನನಗೋಸ್ಕರ ಅಷ್ಟು ಮಾಡ್ಲಿಕ್ಕೆ ಆಗುವುದಿಲ್ವಾ?” ಎಂದಳು. ಅವಳ ದನಿಯಲ್ಲಿ ಸಿಟ್ಟಿದ್ದರೆ ನಾನು ವಾದಿಸುತ್ತಿದ್ದೆ, ಸಿಟ್ಟಿರಲಿಲ್ಲ, ದಣಿವಿತ್ತು. ಪಾಸ್‌ಪೋರ್ಟನ್ನು ಕಣ್ಣಾರೆ ಕಂಡವನು ನಾನು. ನಲವತ್ತು ಜನರ ಮುಂದೆ ಹೇಳಿದ ಸತ್ಯವನ್ನು ಅದೇ ನಲವತ್ತು ಜನರ ಮುಂದೆ ಸುಳ್ಳು ಎನ್ನುವುದು ಹೇಗೆ? ಎರಡು ದಿನ ಪುಟಗಳಲ್ಲಿ ತಪ್ಪುಗಳನ್ನು ನೋಡದೆ ಬಿಟ್ಟೆ. ಸುದ್ದಿ ಸಂಪಾದಕರು ಕರೆದು ಕಾರಣ ಕೇಳಿದರು. ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ‘ದೊಡ್ಡ ಮನುಷ್ಯರ ಭಾಷಣಗಳನ್ನು ದಿನಾ ಅಚ್ಚು ಹಾಕುತ್ತೀಯಲ್ಲ, ಅದರಲ್ಲಿ ಇರುವುದೆಲ್ಲ ನಿಜ ಎಂದು ಯಾವತ್ತಾದರೂ ಬರೆದಿದ್ದೀಯಾ?’ ಎಂದು ಕೇಳಿ, ಮುಂದಿನ ಪುಟಕ್ಕೆ ಹೋದರು. ಹತ್ತು ವರ್ಷದಿಂದ ದಿನಕ್ಕೆ ಮೂವತ್ತು ಸಲ ‘ಎಂದು ಅವರು ತಿಳಿಸಿದ್ದಾರೆ’ ಎಂದು ಸೇರಿಸುವ ಕೆಲಸ. ನನಗೆ ಹೊಳೆದಿರಲಿಲ್ಲ.

ಶುಕ್ರವಾರ ನಾನು ಅದೇ ಜಾಗದಲ್ಲಿ ನಿಂತೆ. ಬಾಪ್ಪು ಎದುರಿನ ಕುರ್ಚಿಯಲ್ಲಿ ಕೈಕಟ್ಟಿ ಕುಳಿತಿದ್ದರು. ನಾನು ಜೇಬಿನಿಂದ ಚೀಟಿ ತೆಗೆದು ಓದಿದೆ: “ತಿದ್ದುಪಡಿ. ಮೂರು ವಾರಗಳ ಹಿಂದೆ ಈ ಮನೆಯಲ್ಲಿ ಹೇಳಲಾದ ಟೋಸ್ಟಿನಲ್ಲಿ, ಶ್ರೀ ಮಾರ್ಸೆಲ್ ಅವರು ಕತಾರಿಗೆ ಈಜಿ ಬಂದಿಲ್ಲ ಎಂದು ತಿಳಿಸಲಾಗಿತ್ತು. ಆ ವರದಿಯಲ್ಲಿ ಶ್ರೀ ಮಾರ್ಸೆಲ್ ಅವರ ಹೇಳಿಕೆಯನ್ನು ಪಡೆದಿರಲಿಲ್ಲ. ಇದು ಗಂಭೀರ ಲೋಪ. ತಾವು ಈಜಿ ಬಂದುದಾಗಿ ಶ್ರೀ ಮಾರ್ಸೆಲ್ ಅವರು ತಿಳಿಸಿದ್ದಾರೆ. ದೂರ ಒಂದು ಮೈಲಿ ಎಂದು ಅವರು ಹೇಳಿದ್ದಾರೆ.”

“ಒಂದೂಕಾಲು” ಎಂದರು ಬಾಪ್ಪು.

ನಾನು ಪೆನ್ನು ತೆಗೆದು ತಿದ್ದಿದೆ. “ಒಂದೂಕಾಲು ಮೈಲಿ ಎಂದು ಅವರು ನಂತರ ಸ್ಪಷ್ಟಪಡಿಸಿದ್ದಾರೆ. ಶಾರ್ಕ್ ಮೀನು ಇದ್ದುದನ್ನೂ ಅವರು ಖಚಿತಪಡಿಸಿದ್ದಾರೆ. ಶಾರ್ಕ್ ಮೀನನ್ನು ಸಂಪರ್ಕಿಸಲು ಸಾಧ್ಯವಾಗಲಿಲ್ಲ.”

ಮೊದಲು ನಕ್ಕದ್ದು ಮಕ್ಕಳು. ಆಮೇಲೆ ವಿಲ್ಲಿ, ಅವನು ನಕ್ಕರೆ ಉಳಿದವರು ನಗದೆ ಇರಲು ಜಾಗವೇ ಇರುವುದಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಾವ್ಶಿ, “ನನ್ನ ಹೇಳಿಕೆ ಎಲ್ಲಿ? ಅದನ್ನೂ ಹಾಕಿ” ಎಂದರು. ನಾನು ಕೊನೆಯ ಸಾಲು ಓದಿದೆ: “ಅವರ ಪತ್ನಿ ಇದನ್ನು ಒಪ್ಪುವುದಿಲ್ಲ.” ಇಪ್ಪತ್ತೈದು ವರ್ಷಗಳಲ್ಲಿ ಮೊದಲ ಬಾರಿಗೆ ಗಂಡ ಹೆಂಡತಿ ಇಬ್ಬರ ಮಾತೂ ಒಂದೇ ಚೀಟಿಯಲ್ಲಿ ದಾಖಲಾಗಿತ್ತು. ಬಾಪ್ಪು ಕೈ ಬಿಚ್ಚಿ ಚೀಟಿ ಇಸಿದುಕೊಂಡು, ಎರಡು ಸಲ ಓದಿ, ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. “ಊಟ ಹಾಕು” ಎಂದರು ಮಾವ್ಶಿಗೆ.

ಊಟವಾದ ಮೇಲೆ ನನ್ನನ್ನು ಹೊರಗೆ ಕಾರು ನಿಲ್ಲಿಸುವ ಜಾಗದ ನೆರಳಿಗೆ ಕರೆದರು. ನವೆಂಬರ್ ಮುಗಿದಿತ್ತು, ಬಿಸಿಲು ಹಿತವಾಗಿತ್ತು. ಸ್ವಲ್ಪ ಹೊತ್ತು ಕಾರಿನ ಗಾಜಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸುತ್ತಾ ನಿಂತರು.

“ಈಜಿದವ ಬೇರೆ” ಎಂದರು. “ಬೋನಾ ಅಂತ. ನನ್ನ ರೂಮಿನಲ್ಲಿ ಇದ್ದ. ಎರಡು ವರ್ಷ ಒಂದೇ ಕೋಣೆ. ಅವನೇ ದಿನಾ ಹೇಳ್ತಿದ್ದ, ನಾನು ಕೇಳ್ತಿದ್ದೆ. ಮತ್ತೆ ಅವನಿಗೆ ಇಲ್ಲಿ ಹಿಡಿಸಲಿಲ್ಲ, ಊರಿಗೆ ಹೋಗಿ ಅಂಗಡಿ ಇಟ್ಟ. ಅಲ್ಲಿ ಅವನ ಕಥೆ ಯಾರಿಗೆ ಬೇಕು ಹೇಳು? ಅಷ್ಟು ಒಳ್ಳೆ ಕಥೆ, ಸುಮ್ಮನೆ ಹಾಳಾಗ್ತಿತ್ತು.”

“ಸರ್ಟಿಫಿಕೇಟು?” ಎಂದು ಕೇಳಿದೆ.

“ಸರ್ಟಿಫಿಕೇಟು ನನ್ನದೇ” ಎಂದರು, ಸ್ವಲ್ಪ ನೊಂದು. “ಅವ ಏಳನೇ ಕ್ಲಾಸು.” ಆಮೇಲೆ, “ಇದು ಬರೀಲಿಕ್ಕಲ್ಲ” ಎಂದರು.

ಅವರು ನನಗೆ ‘ಹೇಳು’ ಎಂದದ್ದನ್ನು, ‘ಹೇಳಿ’ ಎನ್ನದಿದ್ದದ್ದನ್ನು, ನಾನು ಗಮನಿಸಿದ್ದೆ. ಗಮನಿಸಿದ್ದು ಗೊತ್ತಾಗದಂತೆ ಕಾರು ನೋಡಿದೆ. ಆ ಮಾತನ್ನು ಇಷ್ಟು ವರ್ಷ ಎಲ್ಲಿಯೂ ಬರೆಯಲಿಲ್ಲ. ಈ ಪ್ರಬಂಧಕ್ಕಾಗಿ ಅನುಮತಿ ಕೇಳಿದಾಗ ಬಾಪ್ಪು, “ಬರಿ ಬರಿ, ಹೇಗೂ ಯಾರೂ ನಂಬುವುದಿಲ್ಲ” ಎಂದರು.

ಒಳಗೆ ಬಂದು ಬಾಪ್ಪು ಯೇಸುವಿನ ಪಟದ ಹಿಂದೆ ಕೈ ಹಾಕಿ ಒಂದು ಲಕೋಟೆ ತೆಗೆದು ವಿಲ್ಲಿಗೆ ಕೊಟ್ಟರು. “ಯಲ್ಲಾ, ತಡ ಮಾಡ್ಬೇಡ, ನಾಳೆ ಬೆಳಿಗ್ಗೆ ಟಪಾಲಿಗೆ ಹಾಕು” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗ್ರೆಟ್ಟಾ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಆ ಹೊತ್ತಿನಲ್ಲಿ ಸಾಮಾನ್ಯ ಮನುಷ್ಯ ಹಿರಿಯರಿಗೆ ನಮಸ್ಕಾರ ಮಾಡುತ್ತಾನೆ. ನಾನು, “ಒಮ್ಮೆ ತೆಗೆದು ನೋಡಬಹುದೇನ್ರಿ?” ಎಂದು ಕೇಳಿದೆ.  ಗ್ರೆಟ್ಟಾ ಕಣ್ಣು ತೆರೆದು ನನ್ನನ್ನು ನೋಡಿದ ರೀತಿಯನ್ನು ನಾನು ಇಲ್ಲಿ ವರ್ಣಿಸುವುದಿಲ್ಲ.

“ನನ್ನ ಮೇಲೆ ನಂಬಿಕೆ ಇಲ್ವಾ?” ಎಂದರು ಬಾಪ್ಪು.

“ನಿಮ್ಮ ಮ್ಯಾಲೆ ಐತ್ರಿ. ಲಕೋಟೆ ಮ್ಯಾಲೆ ಇಲ್ಲ.”

ಮಾವ್ಶಿ ಮಧ್ಯೆ ಬಂದರು. “ಕನ್ನಡಕ ಇಲ್ಲದೆ ತೆಗೆದದ್ದಲ್ವಾ ನೀವು? ಕೊಡು ಇಲ್ಲಿ ವಿಲ್ಲಿ” ಎಂದು ಲಕೋಟೆ ಕಿತ್ತುಕೊಂಡು ಕಾಗದ ಬಿಡಿಸಿದರು. ಮೊದಲ ಸಾಲನ್ನು ಗಟ್ಟಿಯಾಗಿ ಓದಲು ಹೊರಟವರು ಅರ್ಧಕ್ಕೆ ನಿಲ್ಲಿಸಿ, ಗಂಡನ ಮುಖ ನೋಡಿದರು. ‘ಬೇಡ’ ಎಂದು ಬರೆದ ಕಾಗದ ಅದು. ಮೂರು ಕಾರಣಗಳನ್ನು ಕೊಟ್ಟಿದ್ದರು, ಕೊನೆಯದು ಮೀನು. ಬಾಪ್ಪು ಪಟದ ಹಿಂದಿನಿಂದ ಇನ್ನೊಂದು ಲಕೋಟೆ ತೆಗೆದು, ಈ ಸಲ ಯಾರೂ ಕೇಳುವ ಮೊದಲೇ, ಅದನ್ನು ನನ್ನ ಕೈಗೆ ಕೊಟ್ಟರು. ನಾನು ಓದಿದೆ. ಎರಡು ಸಲ ಓದಿದೆ. ಸರಿಯಿತ್ತು. ಅಂಟು ಹಾಕಿ ವಿಲ್ಲಿಗೆ ಕೊಟ್ಟೆ. “ಇಂಥವ ಒಬ್ಬ ಮನೆಯಲ್ಲಿ ಬೇಕು” ಎಂದು ಮಾವ್ಶಿ ಹಾಲಿಗೆಲ್ಲ ಕೇಳಿಸುವಂತೆ ಹೇಳಿ, ನನ್ನ ಕೈಗೆ ಸಾನ್ನಾಂ ಡಬ್ಬಿ ಕೊಟ್ಟು ಕಳಿಸಿದರು. ಗ್ರೆಟ್ಟಾ ಮಾತ್ರ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಆ ಲಕೋಟೆಯನ್ನು ನಾನು ತೆರೆಸದೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ವಿವರಿಸಿದೆ. ಅದು ಅವಳಿಗೆ ಗೊತ್ತಿತ್ತು. ಸಿಟ್ಟು ಅದಕ್ಕಲ್ಲವಂತೆ.

ಮದುವೆ ಮುಂದಿನ ವರ್ಷ ಬೇಸಿಗೆ ರಜೆಯಲ್ಲಿ ಊರಿನಲ್ಲಿ ಆಯಿತು. ಒಂದು ಸಲ ಶಿರ್ವದ ಚರ್ಚಿನಲ್ಲಿ, ಬಿಷಪರ ಒಪ್ಪಿಗೆ ಪಡೆದು. ಇನ್ನೊಂದು ಸಲ ಗದಗದಲ್ಲಿ, ರೊಟ್ಟಿ ಊಟದೊಂದಿಗೆ. ಶಿರ್ವದಲ್ಲಿ ಟೋಸ್ಟ್ ಹೇಳಿದವರು ಮಾರ್ಸೆಲ್ ಬಾಪ್ಪು. ಅವರು ಗ್ಲಾಸು ಎತ್ತಿ, ಗ್ರೆಟ್ಟಾಳನ್ನು ಕೇಳಲು ನಾನು ಅಲ್ ಹಿಲಾಲ್‌ನ ಮನೆಗೆ ಬಂದ ಸಂದರ್ಭವನ್ನು ವಿವರಿಸಿದರು. ನಾನು ಬಾಗಿಲಲ್ಲೇ ಕುಸಿದು ಅವರ ಕಾಲು ಹಿಡಿದುಕೊಂಡು ಅತ್ತೆನಂತೆ. ‘ಅವಳನ್ನು ಕೊಡದಿದ್ದರೆ ಸಮುದ್ರಕ್ಕೆ ಹಾರುತ್ತೇನೆ’ ಎಂದೆನಂತೆ. ಬಾಪ್ಪು, ‘ನಿನಗೆ ಈಜು ಬರುವುದಿಲ್ಲವಲ್ಲ’ ಎಂದರಂತೆ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನ್ನ ಅತ್ತೆ ಕಣ್ಣೊರೆಸಿಕೊಂಡರು. ನಾನು ಎದ್ದು ನಿಲ್ಲಲು ಹೋದೆ. ಗ್ರೆಟ್ಟಾ ನನ್ನ ಕೋಟಿನ ಹಿಂಭಾಗವನ್ನು ಹಿಡಿದು ಕೂರಿಸಿದಳು.

ಈಗ 1999. ನಾವು ಅಲ್ ಗರಾಫಾದಲ್ಲಿದ್ದೇವೆ, ಶುಕ್ರವಾರ ಮಧ್ಯಾಹ್ನ ಅಲ್ ಹಿಲಾಲ್‌ನಲ್ಲಿರುತ್ತೇವೆ. ಕಳೆದ ಶುಕ್ರವಾರ ಊರಿನಿಂದ ಹೊಸದಾಗಿ ಬಂದ ದಂಪತಿ ಊಟಕ್ಕೆ ಬಂದಿದ್ದರು. ಚಹಾದ ಹೊತ್ತಿಗೆ ವಿಲ್ಲಿ ಅವರಿಗೆ ನನ್ನ ವಿಷಯ ಹೇಳಿದ. ಅವನ ಪ್ರಕಾರ ನಾನು ಅತ್ತದ್ದು ಅರ್ಧ ಗಂಟೆ. ಅದು ನಡೆದೇ ಇಲ್ಲ, ಬೇಕಿದ್ದರೆ ಮನೆಯಲ್ಲಿ ಸುಳ್ಳು ಹೇಳದವರನ್ನು ಕೇಳಿ ಎಂದು ನಾನು ಸೆವ್ರಿನ್ ಮಾವ್ಶಿಯ ಕಡೆ ತೋರಿಸಿದೆ. ಅಂಥದ್ದೊಂದು ದಿನ ತಮಗೆ ಚೆನ್ನಾಗಿ ನೆನಪಿದೆ ಎಂದೂ, ಮುಖ ಒರೆಸಿಕೊಳ್ಳಲು ಟವೆಲ್ ತಂದುಕೊಟ್ಟದ್ದು ತಾವೇ ಎಂದೂ ಮಾವ್ಶಿ ತಿಳಿಸಿದ್ದಾರೆ.